ರೊಟ್ಟಿಗೆ ಎಷ್ಟು ಯೂನಿಟ್?

ಪ್ರಶ್ನೆ: “ನಾವು ರೋಣ ತಾಲ್ಲೂಕಿನ ಹಳ್ಳಿಯವರು. ಮಗಳಿಗೆ 11 ವರ್ಷ, ತೂಕ 32 ಕೆಜಿ. ಎರಡು ವರ್ಷದ ಹಿಂದ ಟೈಪ್ ಒನ್ ಶುಗರ್ ಅಂತ ಗೊತ್ತಾತು. ಮೂರೂ ಹೊತ್ತು ಊಟಕ್ಕ ಮೊದಲ ಪೆನ್ನಿಲೆ 5 ಯೂನಿಟ್ ಫಾಸ್ಟ್ ಇನ್ಸುಲಿನ್, ರಾತ್ರಿ ಮಲಗೂಮುಂದ 11 ಯೂನಿಟ್ ಲಾಂಗ್ ಇನ್ಸುಲಿನ್ ಬರದುಕೊಟ್ಟಾರ. ಸಾಲ್ಯಾಗ ಬಿಸಿಯೂಟ ಉಂಡು ಬಂದ್ರ ನಾಲ್ಕರ ಸುಮಾರಿಗೆ 60ಕ್ಕ ಇಳೀತೈತಿ. ರಾತ್ರಿ ಜ್ವಾಳದ ರೊಟ್ಟಿ ಉಂಡು ಎರಡು ತಾಸಿಗೆ ನೋಡಿದ್ರ 280. ರೊಟ್ಟಿಗೆ ಶುಗರ್ ಏರೂದಿಲ್ಲ ಅಂತ ಎಲ್ಲಾರೂ ಅಂತಾರಲ್ಲ? ಹೋದ ವಾರ 280 ನೋಡಿ ಹೆದರಿ ಮತ್ತ 4 ಯೂನಿಟ್ ಕೊಟ್ಟೆ. ರಾತ್ರಿ ಎರಡಕ್ಕ ಹುಡುಗಿ ಮೈಯೆಲ್ಲಾ ಬೆವತು ನಡಗಾಕ ಹತ್ತಿದ್ಲು, ನೋಡಿದ್ರ 55. ಮನಿಯಾಗ ಪೇಢೆ ಇತ್ತು, ಎರಡು ತಿನ್ನಿಸಿದೆ. ಅರ್ಧ ತಾಸಾದ್ರೂ 62. ಅತ್ತಿಯವರು ಊಟಾನ ಕಡಿಮಿ ಮಾಡು, ಸೂಜಿನೂ ಕಡಿಮಿ ಆಗ್ತಾವು ಅಂತಾರ. ಊಟಕ್ಕ ಎಷ್ಟು ಕೊಡಬೇಕು ಅನ್ನೂದನ್ನ ನಾನು ಮನಿಯಾಗ ಲೆಕ್ಕಾ ಹಾಕಬಹುದೇನು? ಪಂಚಮಿ ಬಂತು, ಉಂಡಿ ಕೊಡಲೋ ಬ್ಯಾಡೋ ಅದನ್ನೂ ಹೇಳ್ರಿ.”

ಉತ್ತರ:

ಪತ್ರದ ಜೊತೆ ವಹಿಯ ಎರಡು ಹಾಳೆಯ ಫೋಟೋ ಕಳಿಸಿದ್ದೀರಿ. ಊಟದ ಮೊದಲಿನ ಶುಗರ್, ಕೊಟ್ಟ ಯೂನಿಟ್, ಉಂಡದ್ದು, ಆಮೇಲಿನ ಶುಗರ್ ಎಂದು ನಾಲ್ಕು ಗೆರೆ ಎಳೆದು ಬರೆದಿದ್ದೀರಿ. ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿಗೆ ಬರುವ ಇಂಜಿನಿಯರು, ಪ್ರೊಫೆಸರರೂ “ಉಂಡದ್ದು” ಎನ್ನುವ ಕಾಲಮ್ಮನ್ನು ಖಾಲಿ ಬಿಟ್ಟುಕೊಂಡು ಬರುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಕಾಲಮ್ಮಿನಲ್ಲೇ.

ನಿಮ್ಮ ಗೊಂದಲವೇನು ಎಂಬುದು ತಿಳಿಯಿತು. ಅದೇ ಪೆನ್ನು, ಅದೇ 5 ಯೂನಿಟ್, ಅದೇ ಹುಡುಗಿ. ಮಧ್ಯಾಹ್ನ ಇಳಿಯುತ್ತದೆ, ರಾತ್ರಿ ಏರುತ್ತದೆ. ಇನ್ಸುಲಿನ್ ಕೆಟ್ಟಿದೆಯೋ, ಮಗಳು ಕದ್ದು ಏನಾದರೂ ತಿನ್ನುತ್ತಾಳೋ ಎಂಬ ಅನುಮಾನವೂ ಪತ್ರದ ಅಂಚಿನಲ್ಲಿ ಕಾಣುತ್ತದೆ. ಎರಡೂ ಅಲ್ಲ. ಯೂನಿಟ್ ಮೂರು ಹೊತ್ತೂ ಒಂದೇ, ತಾಟು ಮಾತ್ರ ಹೊತ್ತಿಗೊಂದು ಥರ.

ಹಾಗಂತ 5-5-5 ಬರೆದುಕೊಟ್ಟ ಡಾಕ್ಟರು ತಪ್ಪು ಮಾಡಿದರು ಎನ್ನಲಾರೆ. ಹೊಸದಾಗಿ ರೋಗ ಗೊತ್ತಾದ ಮನೆಯಲ್ಲಿ ಸೂಜಿ ಹಿಡಿಯುವುದನ್ನು ಕಲಿಸುವುದೇ ದೊಡ್ಡ ಕೆಲಸ. ಅಂಥಲ್ಲಿ ನಾನೂ ಸ್ಥಿರ ಡೋಸಿನಿಂದಲೇ ಆರಂಭಿಸುತ್ತೇನೆ. ಮೂರು ಹೊತ್ತೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಊಟ ಮಾಡುವವರಿಗೆ ಅದು ಸಾಕಾಗುತ್ತದೆ. ಬೆಳೆಯುವ ಹುಡುಗಿ ಹಾಗೆ ಉಣ್ಣುವುದಿಲ್ಲ.

ಮೊದಲು ಎರಡು ಇನ್ಸುಲಿನ್ನಿನ ಕೆಲಸ ಬೇರೆಬೇರೆ ಮಾಡಿಕೊಳ್ಳೋಣ. ನಿಮ್ಮ ಮಗಳ ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡಿದೆ. ಸಿಹಿ ತಿಂದದ್ದಕ್ಕೆ ಬಂದದ್ದಲ್ಲ, ಯಾರ ತಪ್ಪೂ ಅಲ್ಲ. ಉಪವಾಸ ಇದ್ದಾಗಲೂ ಲಿವರ್ ರಕ್ತಕ್ಕೆ ಸ್ವಲ್ಪ ಸ್ವಲ್ಪ ಸಕ್ಕರೆ ಬಿಡುತ್ತಲೇ ಇರುತ್ತದೆ. ಅದನ್ನು ನೋಡಿಕೊಳ್ಳುವುದು ಲಾಂಗ್ ಇನ್ಸುಲಿನ್. ಊಟ ಬಿಟ್ಟ ದಿನ, ವಾಂತಿಯಾದ ದಿನವೂ ಅದನ್ನು ಬಿಡಕೂಡದು. ಬಿಟ್ಟರೆ ಕೀಟೋನ್ (ಇನ್ಸುಲಿನ್ ಸಿಗದ ದೇಹ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲ) ಏರಿ ಐಸಿಯು ಸೇರಬೇಕಾಗುತ್ತದೆ. ಫಾಸ್ಟ್ ಇನ್ಸುಲಿನ್ ಬರೀ ಊಟದ ಸಲುವಾಗಿ. ಆರೋಗ್ಯವಂತರ ದೇಹ ತುತ್ತಿಗೆ ತಕ್ಕಷ್ಟು ಇನ್ಸುಲಿನ್ ಬಿಡುತ್ತದೆ. ನಾವು ಆ ಕೆಲಸವನ್ನು ಪೆನ್ನಿನ ಗುಂಡಿ ತಿರುಗಿಸಿ ಮಾಡಬೇಕು. ನಿಮ್ಮ ವಹಿಯಲ್ಲಿ ಮಲಗುವಾಗ 150 ಇದ್ದ ದಿನ ಬೆಳಿಗ್ಗೆ 135 ಇದೆ. ಹಾಗಾಗಿ ಲಾಂಗ್ ಇನ್ಸುಲಿನ್ ಸರಿಯಾಗಿಯೇ ಇದೆ ಅನಿಸುತ್ತದೆ, ಅದನ್ನು ಮುಟ್ಟುವುದು ಬೇಡ.

ಈಗ ರೊಟ್ಟಿ. “ಜೋಳದ ರೊಟ್ಟಿಗೆ ಶುಗರ್ ಏರುವುದಿಲ್ಲ” ಎಂಬ ಮಾತು ನಮ್ಮ ಸೀಮೆಯಲ್ಲಿ ವೇದವಾಕ್ಯ. ನನ್ನ ಅವ್ವನೂ ಹಾಗೇ ಅನ್ನುತ್ತಿದ್ದಳು. ಅದರಲ್ಲಿ ಅರ್ಧ ಸತ್ಯವಿದೆ. ಜೋಳದಲ್ಲಿ ನಾರು ಇದೆ, ಬಿಳಿ ಅನ್ನಕ್ಕೆ ಹೋಲಿಸಿದರೆ ನಿಧಾನ ಅರಗುತ್ತದೆ. ಆದರೆ ರಕ್ತದಲ್ಲಿ ಸಕ್ಕರೆಯಾಗುವ ಪಿಷ್ಟ, ಅಂದರೆ ನಾವು ಕಾರ್ಬ್ ಅನ್ನುವುದು, 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 68 ಗ್ರಾಂ ಇದೆ. ಗೋಧಿ ಹಿಟ್ಟಿನಲ್ಲಿ 64ರ ಆಸುಪಾಸು. ಏರುವುದು ನಿಧಾನ, ಆದರೆ ಏರುತ್ತದೆ. ಟೈಪ್ ಟೂ ಇರುವ ಅಜ್ಜನಿಗೆ ಸ್ವಂತ ಇನ್ಸುಲಿನ್ ಅಷ್ಟಿಷ್ಟು ಉಳಿದಿರುತ್ತದೆ, ಆ ನಿಧಾನ ಅವನಿಗೆ ಅನುಕೂಲ. ನಿಮ್ಮ ಮಗಳಿಗೆ ಪ್ರತಿ ಗ್ರಾಮಿಗೂ ಹೊರಗಿನಿಂದಲೇ ಇನ್ಸುಲಿನ್ ಬರಬೇಕು.

ನಿಮ್ಮ ಒಂದು ರೊಟ್ಟಿಯಲ್ಲಿ ಎಷ್ಟು ಹಿಟ್ಟಿದೆ? ಪುಸ್ತಕದಲ್ಲಿ “ಮಧ್ಯಮ ಗಾತ್ರದ ರೊಟ್ಟಿ” ಅಂತ ಇರುತ್ತದೆ. ಕುಂದಗೋಳದ ಮಧ್ಯಮವೇ ಬೇರೆ, ನರಗುಂದದ ಮಧ್ಯಮವೇ ಬೇರೆ. ನಾನು ಎಲ್ಲರಿಗೂ ಹೇಳುವ ಉಪಾಯಕ್ಕೆ ತಕ್ಕಡಿಯೂ ಬೇಡ. ಗಿರಣಿಯಿಂದ ಸರಿಯಾಗಿ ಒಂದು ಕಿಲೋ ಹಿಟ್ಟು ಬೇರೆ ಕಟ್ಟಿಸಿಕೊಂಡು ಬನ್ನಿರಿ. ಬಡಿಯುವಾಗ ಉದುರಿಸುವ ಒಣಹಿಟ್ಟೂ ಅದರಿಂದಲೇ ತೆಗೆಯಿರಿ. ಹಿಟ್ಟು ಮುಗಿಯುವ ತನಕ ನಿಮ್ಮ ಕೈಯಳತೆಯಲ್ಲೇ ರೊಟ್ಟಿ ಮಾಡಿ ಎಣಿಸಿರಿ. 20 ಆದವೋ, ಒಂದಕ್ಕೆ 50 ಗ್ರಾಂ ಹಿಟ್ಟು, ಅಂದರೆ 34 ಗ್ರಾಂ ಕಾರ್ಬ್. 16 ಆದರೆ ಒಂದಕ್ಕೆ ಸುಮಾರು 42. ದಿನಾ ರೊಟ್ಟಿ ಬಡಿಯುವ ಕೈ ಅಷ್ಟು ಸುಲಭಕ್ಕೆ ಅಳತೆ ತಪ್ಪುವುದಿಲ್ಲ. ಒಮ್ಮೆ ಎಣಿಸಿದರೆ ವರ್ಷಗಟ್ಟಲೆ ನಡೆಯುತ್ತದೆ.

ಕಟಕ ರೊಟ್ಟಿಯನ್ನು ಬೇರೆಯಾಗಿ ಎಣಿಸಿರಿ. ಒಣಗಿದ ರೊಟ್ಟಿ ಕೈಗೆ ಹಗುರ ಹತ್ತುತ್ತದೆ, ಮಕ್ಕಳು “ಇದು ಏನೂ ಅಲ್ಲ” ಅಂತ ಮುರಿದು ಮುರಿದು ತಿನ್ನುತ್ತಾರೆ. ಹೋದದ್ದು ನೀರು, ಹಿಟ್ಟು ಅಲ್ಲೇ ಇದೆ. ಗದುಗಿನ ಕಡೆಯ ಹುಡುಗನೊಬ್ಬನ ಶುಗರ್ ದಿನಾ ಸಂಜೆ ಏರುತ್ತಿತ್ತು. ನಾನು ಎರಡು ತಿಂಗಳು ಯೂನಿಟ್ ಹೆಚ್ಚಿಸುತ್ತಾ ಹೋದೆ. ಕೊನೆಗೆ ಅವನ ತಂಗಿ ಬಾಯಿಬಿಟ್ಟಳು: ಸಾಲಿಯಿಂದ ಬಂದವನೇ ಶೇಂಗಾ ಹಿಂಡಿ ಹಚ್ಚಿಕೊಂಡು ಎರಡು ಕಟಕ ರೊಟ್ಟಿ ಮುಗಿಸುತ್ತಿದ್ದ. ಮನೆಯಲ್ಲಿ ಯಾರಿಗೂ ಅದು ಊಟದ ಲೆಕ್ಕವೇ ಅಲ್ಲ. ಕೇಳಬೇಕಾದವನು ನಾನು, ಕೇಳಿರಲಿಲ್ಲ.

ಇನ್ನು ಗಣಿತ. ನಿಮ್ಮ ಮಗಳ ಒಟ್ಟು ಇನ್ಸುಲಿನ್ ದಿನಕ್ಕೆ 15 ಮತ್ತು 11, ಅಂದರೆ 26 ಯೂನಿಟ್. ಫಾಸ್ಟ್ ಇನ್ಸುಲಿನ್ ತಗೊಳ್ಳುವವರಿಗೆ ನಾವು ಎರಡು ರೂಢಿಯ ಲೆಕ್ಕ ಬಳಸುತ್ತೇವೆ. 500ನ್ನು ಈ ಒಟ್ಟಿನಿಂದ ಭಾಗಿಸಿದರೆ, ಒಂದು ಯೂನಿಟ್ ಎಷ್ಟು ಗ್ರಾಂ ಕಾರ್ಬ್ ನೋಡಿಕೊಳ್ಳುತ್ತದೆ ಎಂಬುದು ಸಿಗುತ್ತದೆ. ಇಲ್ಲಿ ಸುಮಾರು 20. 1800ನ್ನು ಭಾಗಿಸಿದರೆ, ಒಂದು ಯೂನಿಟ್ ಶುಗರನ್ನು ಎಷ್ಟು ಇಳಿಸುತ್ತದೆ ಎಂಬುದು ಸಿಗುತ್ತದೆ. ಇಲ್ಲಿ ಸುಮಾರು 70. ಇವು ಆರಂಭದ ಅಂದಾಜು, ಶಿಲಾಶಾಸನವಲ್ಲ. ಬೆಳಗಿನ ಜಾವ ಏರುವ ಹಾರ್ಮೋನುಗಳಿಂದಾಗಿ ಎಷ್ಟೋ ಮಕ್ಕಳಿಗೆ ನಾಷ್ಟಾಕ್ಕೆ ಇದೇ ಗ್ರಾಮಿಗೆ ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ. ಹುಡುಗಿ ದೊಡ್ಡವಳಾಗುವ ಹೊತ್ತಿಗೆ ಒಟ್ಟು ಡೋಸೇ ಏರುತ್ತದೆ. ಆಗ “ರೋಗ ಹೆಚ್ಚಾಯಿತು” ಎಂದು ಗಾಬರಿಯಾಗಬೇಡಿರಿ.

ಈ ಎರಡು ಅಂಕಿ ಹಿಡಿದು ನಿಮ್ಮ ವಹಿ ಓದೋಣ. ಮಂಗಳವಾರ ಮಧ್ಯಾಹ್ನ ಊಟದ ಮೊದಲು 180. ಉಂಡದ್ದು ಸುಮಾರು 200 ಗ್ರಾಂ ಅನ್ನ, ಸಾರು. ಬೆಂದ ಅನ್ನ 100 ಗ್ರಾಮಿಗೆ 28 ಗ್ರಾಂ ಕಾರ್ಬ್ ಹಿಡಿದರೆ 56, ಸಾರಿನ ಬೇಳೆ ತರಕಾರಿಗೆ 10. ಒಟ್ಟು 66. ಬೇಕಾದದ್ದು ಮೂರು ಚಿಲ್ಲರೆ ಯೂನಿಟ್, ಹೋದದ್ದು 5. ಹೆಚ್ಚಾದ ಒಂದೂಮುಕ್ಕಾಲು ಯೂನಿಟ್ಟಿಗೆ 120ರಷ್ಟು ಇಳಿಯಬೇಕು. 180ರಲ್ಲಿ 120 ಕಳೆದರೆ 60. ನಾಲ್ಕು ಗಂಟೆಗೆ ನೀವು ಕಂಡದ್ದೂ ಅದೇ.

ಅದೇ ದಿನ ರಾತ್ರಿ ಊಟಕ್ಕೆ ಮೊದಲು 140. ಮೂರು ರೊಟ್ಟಿ, ಒಂದು ಬಟ್ಟಲು ಹೆಸರುಕಾಳು ಪಲ್ಲೆ, ಮೇಲೆ ನಾಲ್ಕು ತುತ್ತು ಮಜ್ಜಿಗೆ ಅನ್ನ. ಒಂದಕ್ಕೆ 34ರಂತೆ ರೊಟ್ಟಿಗೆ 102, ಪಲ್ಲೆಗೆ 15, ಅನ್ನಕ್ಕೆ 23 ಎಂದು ಹಿಡಿದರೆ 140 ಗ್ರಾಂ. ಅದಕ್ಕೆ 7 ಯೂನಿಟ್ ಬೇಕಿತ್ತು, ಎರಡು ಕಡಿಮೆ ಬಿತ್ತು. ಎರಡು ಯೂನಿಟ್ಟಿನ ಕೊರತೆಗೆ 140 ಏರಿದರೆ 280. ಇಷ್ಟು ನೇರ ಹೊಂದುವುದು ಅಪರೂಪ, ಎಷ್ಟೋ ದಿನ 40-50ರ ವ್ಯತ್ಯಾಸ ಬಂದೇ ಬರುತ್ತದೆ. ಆದರೆ ದಿಕ್ಕು ಸ್ಪಷ್ಟವಾಗಿದೆ: ಊಟದ ಕಾರ್ಬಿಗೂ ಯೂನಿಟ್ಟಿಗೂ ಹೊಂದಿಕೆ ಇಲ್ಲ.

ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚಿದ್ದು 280 ಅಲ್ಲ, ಅದನ್ನು ನೋಡಿ ನೀವು ಕೊಟ್ಟ 4 ಯೂನಿಟ್. ಫಾಸ್ಟ್ ಇನ್ಸುಲಿನ್ ಹತ್ತು-ಹದಿನೈದು ನಿಮಿಷಕ್ಕೆ ಕೆಲಸ ಸುರು ಮಾಡಿ, ಒಂದೆರಡು ತಾಸಿಗೆ ಜೋರಾಗಿ, ನಾಲ್ಕು ತಾಸಿನ ತನಕ ಇಳಿಸುತ್ತಲೇ ಇರುತ್ತದೆ. ಎರಡು ತಾಸಿಗೆ ನೀವು ನೋಡಿದಾಗ ಊಟದ ಮೊದಲು ಕೊಟ್ಟ 5ರಲ್ಲಿ ಸುಮಾರು 2 ಯೂನಿಟ್ ಇನ್ನೂ ಮೈಯೊಳಗೆ ದುಡಿಯುತ್ತಿತ್ತು. ಅದರ ಮೇಲೆ 4. ಏನೂ ಉಳಿದಿರದಿದ್ದರೂ 280ನ್ನು 120ಕ್ಕೆ ಇಳಿಸಲು ಬೇಕಾದದ್ದು ಎರಡೂಕಾಲು ಯೂನಿಟ್ ಮಾತ್ರ. ಒಂದರ ಮೇಲೊಂದು ಇನ್ಸುಲಿನ್ ಪೇರಿಸುವುದು ಟೈಪ್ ಒನ್ ಮಕ್ಕಳ ಮನೆಗಳಲ್ಲಿ ನಾನು ಕಾಣುವ ಅತಿ ದೊಡ್ಡ ಅಪಾಯ. ಪ್ರೀತಿಯಿಂದಲೇ ಆಗುತ್ತದೆ, ಅದಕ್ಕೇ ತಡೆಯುವುದು ಕಷ್ಟ. ಅವತ್ತು 55ಕ್ಕೆ ನಿಂತದ್ದು ಬಹುಶಃ ಆ ನಿಧಾನ ಅರಗುವ ರೊಟ್ಟಿಯಿಂದಲೇ.

ಹಾಗಾಗಿ ಊಟಕ್ಕೆ ಕೊಟ್ಟ ಮೇಲೆ ನಾಲ್ಕು ತಾಸಿನ ತನಕ ಮತ್ತೊಂದು ಡೋಸ್ ಕೊಡಬೇಡಿರಿ. ಎರಡು ತಾಸಿನ ಅಂಕಿಯನ್ನು ವಹಿಯಲ್ಲಿ ಬರೆಯಿರಿ, ನಾಳೆಯ ಡೋಸ್ ತಿದ್ದಲು ಅದು ಬೇಕು. ಇಳಿಸುವ ಡೋಸನ್ನು ಮುಂದಿನ ಊಟದ ಡೋಸಿಗೇ ಸೇರಿಸಿ. ಇವತ್ತಿನ ಶುಗರಿನಿಂದ 120 ಕಳೆದು, ಉಳಿದದ್ದನ್ನು 70ರಿಂದ ಭಾಗಿಸಿ, ಬಂದ ಉತ್ತರವನ್ನು ಕಾರ್ಬಿನ ಯೂನಿಟ್ಟಿಗೆ ಕೂಡಿಸುವುದು. ಆ ನಾಲ್ಕು ತಾಸು ಕಳೆದು ಮಲಗುವ ಹೊತ್ತಿಗೆ ಏರಿದ್ದರೆ ನಾವು ಅರ್ಧ ಲೆಕ್ಕವನ್ನಷ್ಟೇ ಹಿಡಿಯುತ್ತೇವೆ, ಕೊಟ್ಟ ರಾತ್ರಿ ಎರಡು-ಮೂರು ಗಂಟೆಗೆ ಎದ್ದು ಒಮ್ಮೆ ನೋಡಲು ಹೇಳುತ್ತೇವೆ. ಊಟದ ಮೊದಲೇ 70ಕ್ಕಿಂತ ಕೆಳಗಿದ್ದರೆ ಮೊದಲು ಸಕ್ಕರೆ, ಶುಗರ್ ಮೇಲೆ ಬಂದ ಮೇಲೆ ಇನ್ಸುಲಿನ್.

ಪೇಢೆಯ ವಿಷಯ. ಧಾರವಾಡದ ಪೇಢೆಯ ಮೇಲೆ ನನಗೂ ಪ್ರೀತಿ ಇದೆ, ಆದರೆ ಲೋ ಆದಾಗ, ಅಂದರೆ ಶುಗರ್ 70ಕ್ಕಿಂತ ಕೆಳಗಿಳಿದಾಗ, ಅದು ಔಷಧವಲ್ಲ. ಖೋವಾದ ಜಿಡ್ಡು ಸಕ್ಕರೆಯನ್ನು ಹೊಟ್ಟೆಯಲ್ಲೇ ತಡೆದು ಕೂರಿಸುತ್ತದೆ. ಅರ್ಧ ತಾಸಾದರೂ 62 ಇದ್ದದ್ದು ಅದಕ್ಕೇ. ಚಾಕಲೇಟಿಗೂ ಇದೇ ಮಾತು. ಎರಡು-ಮೂರು ಚಹಾ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿರಿ. 70 ದಾಟಿರದಿದ್ದರೆ ಇನ್ನೊಮ್ಮೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿರಿ, ಮಗ್ಗುಲಾಗಿ ಮಲಗಿಸಿ ಹತ್ತಿರದ ಆಸ್ಪತ್ರೆಗೆ ಓಡಿರಿ. ಇಳಿದ ಶುಗರನ್ನು ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಮನೆಯಲ್ಲಿಟ್ಟುಕೊಳ್ಳುವ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ.

ಅತ್ತೆಯವರ ಸಲಹೆಗೆ ಬರುತ್ತೇನೆ. ಊಟ ಕಡಿಮೆ ಮಾಡಿ ಸೂಜಿ ಕಡಿಮೆ ಮಾಡುವುದು ಹೊಸ ಯೋಚನೆಯಲ್ಲ. ಇನ್ಸುಲಿನ್ ಸಿಗುವ ಮುಂಚೆ ವೈದ್ಯರ ಕೈಯಲ್ಲಿದ್ದ ಚಿಕಿತ್ಸೆಯೇ ಅದು. ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಕೆಲವು ತಿಂಗಳು ಹೆಚ್ಚು ಬದುಕಿಸುತ್ತಿದ್ದರು, ಎಲುಬಿನ ಹಂದರವಾಗಿ ಹೋಗುತ್ತಿದ್ದವು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಬಾರಿ ಇನ್ಸುಲಿನ್ ಪಡೆದ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ. ಅವನೂ ಹಾಗೇ ಸೊರಗಿದ್ದ. 11 ವರ್ಷದ ಹುಡುಗಿ ಮೂರು ರೊಟ್ಟಿ ಉಂಡರೆ ಉಣ್ಣಲಿ, ಅವಳ ಎತ್ತರ ಬೆಳೆಯುವ ವಯಸ್ಸು ಇದು. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿರಿ. ರೊಟ್ಟಿ ಎಣಿಸುವ ಕೆಲಸ ಅವರಿಗೇ ಕೊಟ್ಟರೆ ಇನ್ನೂ ಒಳ್ಳೆಯದು.

ನಿಮ್ಮ ಮುಂದೆ ಇರುವ ದಾರಿಗಳಲ್ಲಿ ಒಂದು, ಹೊತ್ತು ಹೊತ್ತಿಗೆ ಡೋಸ್ ಗೊತ್ತುಮಾಡಿಕೊಂಡು ತಾಟನ್ನು ಅದಕ್ಕೆ ಹೊಂದಿಸುವುದು. ದಿನಾ ಒಂದೇ ಪ್ರಮಾಣ ಉಣ್ಣಿಸಿ, ಡಾಕ್ಟರಿಂದ ಮಧ್ಯಾಹ್ನಕ್ಕೆ 3, ರಾತ್ರಿಗೆ 7 ಹೀಗೆ ಬರೆಸಿಕೊಳ್ಳುವುದು. ಗಣಿತ ಕಡಿಮೆ, ಅಜ್ಜಿ ಒಬ್ಬರೇ ಮನೆಯಲ್ಲಿದ್ದರೂ ನಡೆಯುತ್ತದೆ. ಆದರೆ ಹಸಿವಿಲ್ಲದ ದಿನ ಬಲವಂತವಾಗಿ ಉಣ್ಣಿಸಬೇಕಾಗುತ್ತದೆ, ಊಟ ಜಗಳವಾಗುತ್ತದೆ. ಇನ್ನೊಂದು, ಪ್ರತಿ ಊಟಕ್ಕೂ ಎಣಿಸಿ ಕೊಡುವುದು. ಇದಕ್ಕೆ ದಿನಕ್ಕೆ ನಾಲ್ಕು ಸಲವಾದರೂ ಬೆರಳು ಚುಚ್ಚಬೇಕು, ಸ್ಟ್ರಿಪ್ಪಿನ ಖರ್ಚು ಸಣ್ಣದಲ್ಲ. ಲೆಕ್ಕ ತಪ್ಪಿದರೆ ಎರಡೂ ಕಡೆ ಪೆಟ್ಟು. ನಿಮ್ಮ ವಹಿ ನೋಡಿದ ಮೇಲೆ ನನ್ನ ಒಲವು ಎರಡನೆಯದರ ಕಡೆಗೆ. ಅರ್ಧ ಯೂನಿಟ್ ತಿರುಗಿಸುವ ಪೆನ್ನುಗಳಿವೆ, 32 ಕೆಜಿ ಹುಡುಗಿಗೆ ಅದು ಉಪಯೋಗ, ಡಾಕ್ಟರನ್ನು ಕೇಳಿ. ಇನ್ಸುಲಿನ್ ಬಿಡುವ ಪಂಪು, ಶುಗರ್ ತೋರಿಸುವ ಸೆನ್ಸರು ಒಳ್ಳೆಯವೇ, ಆದರೆ ಅವನ್ನು ಹಾಕಿದವರೂ ರೊಟ್ಟಿ ಎಣಿಸಲೇಬೇಕು.

ಸಾಲಿಯಲ್ಲಿ ಎಷ್ಟು ಉಣ್ಣುತ್ತಾಳೋ ಮೊದಲೇ ಗೊತ್ತಾಗುವುದಿಲ್ಲ. ಅಂಥ ಹೊತ್ತಿಗೆ ಖಚಿತವಾಗಿ ಉಣ್ಣುವಷ್ಟಕ್ಕೆ, ಅಂದರೆ 2 ಯೂನಿಟ್, ಊಟಕ್ಕೆ ಹತ್ತು ನಿಮಿಷ ಮೊದಲು. ಉಂಡೆದ್ದ ಕೂಡಲೇ ಉಳಿದದ್ದು. ಎರಡೂ ಸೇರಿ ಒಂದೇ ಊಟದ ಡೋಸು, ಹಾಗಾಗಿ ಪೇರಿಸಿದಂತಾಗುವುದಿಲ್ಲ. ತಡವಾಗಿ ಕೊಟ್ಟ ಪಾಲಿಗೆ ಶುಗರ್ ಸ್ವಲ್ಪ ಹೊತ್ತು ಏರಿ ಇಳಿಯುತ್ತದೆ, ಲೋ ಆಗುವುದಕ್ಕಿಂತ ಅದು ವಾಸಿ. ಅನ್ನದ ಸೌಟು ಎಷ್ಟು ಹಿಡಿಯುತ್ತದೆ ಎಂದು ಬಿಸಿಯೂಟದ ಅಕ್ಕನವರನ್ನು ಕೇಳಿ ಒಂದು ದಿನ ತೂಗಿಸಿಕೊಳ್ಳಿರಿ. ಖೋಖೋ ಇರುವ ದಿನ ಡೋಸ್ ಇನ್ನೂ ಕಡಿಮೆ ಬೇಕಾಗಬಹುದು. ಕಂಪಾಸ್ ಡಬ್ಬಿಯಲ್ಲಿ ಗ್ಲುಕೋಸ್ ಪುಡಿ ಇರಲಿ, ಅದು ಏಕೆ ಎಂಬುದು ಪಕ್ಕದ ಹುಡುಗಿಗೂ ಗೊತ್ತಿರಲಿ.

ಲೆಕ್ಕ ಸರಿಯಿದ್ದೂ ಶುಗರ್ ಹತೋಟಿಗೆ ಬಾರದಿದ್ದರೆ ನಾನು ವಹಿ ಮುಚ್ಚಿ ಹೊಟ್ಟೆ ಮುಟ್ಟಿ ನೋಡುತ್ತೇನೆ. ದಿನಾ ಅದೇ ಜಾಗಕ್ಕೆ ಚುಚ್ಚಿದರೆ ಚರ್ಮದ ಕೆಳಗೆ ಮೆತ್ತನೆಯ ಗಂಟು ಬೆಳೆಯುತ್ತದೆ. ಅಲ್ಲಿ ನೋವು ಕಡಿಮೆ, ಅದಕ್ಕೇ ಮಕ್ಕಳು ಅಲ್ಲೇ ಚುಚ್ಚಿಕೊಳ್ಳುತ್ತಾರೆ. ಇನ್ಸುಲಿನ್ ಅಲ್ಲಿಂದ ಒಂದು ದಿನ ಬೇಗ, ಒಂದು ದಿನ ತಡವಾಗಿ ರಕ್ತಕ್ಕೆ ಹೋಗುತ್ತದೆ. ಸ್ನಾನದಲ್ಲಿ ಸೋಪಿನ ಕೈಯಿಂದ ಹೊಕ್ಕಳ ಎರಡೂ ಬದಿ, ತೊಡೆ ಸವರಿ ನೋಡಿರಿ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಗಂಟು ಇದ್ದರೆ ಆ ಜಾಗಕ್ಕೆ ಕೆಲವು ತಿಂಗಳು ವಿಶ್ರಾಂತಿ ಕೊಡಿರಿ. ಆದರೆ ಹೊಸ ಜಾಗದಲ್ಲಿ ಅದೇ ಡೋಸ್ ಹೆಚ್ಚು ಕೆಲಸ ಮಾಡಬಹುದು, ಡಾಕ್ಟರಿಗೆ ತಿಳಿಸಿಯೇ ಬದಲಿಸಿ.

ನೀವು ಕೇಳಿಲ್ಲ, ಆದರೂ ಒಂದು ಮಾತು. ಪೆನ್ನಿನ ಸೂಜಿ ಮುಗಿದಿದೆ ಅಂತ ಅದರ ಕಾರ್ಟ್ರಿಜ್ಜಿಗೆ ಸಿರಿಂಜ್ ಚುಚ್ಚಿ ಔಷಧ ಎಳೆಯಬೇಡಿರಿ. ನಮ್ಮಲ್ಲಿ ಸಿಗುವ ಕೆಂಪು ಮುಚ್ಚಳದ ಸಿರಿಂಜ್ ಮಿಲಿಗೆ 40 ಯೂನಿಟ್ ಇರುವ ಬಾಟಲಿಗಾಗಿ ಗೆರೆ ಹಾಕಿದ್ದು. ಪೆನ್ನಿನೊಳಗಿರುವುದು ಮಿಲಿಗೆ 100. ಆ ಸಿರಿಂಜಿನಲ್ಲಿ 5ರ ಗೆರೆಗೆ ಎಳೆದರೆ ಒಳಹೋಗುವುದು ಹನ್ನೆರಡೂವರೆ. ಸವಣೂರಿನ ಕಡೆಯಿಂದ ಒಬ್ಬ ತಂದೆ ನಡುರಾತ್ರಿ ಮಗನನ್ನು ಹೆಗಲಿಗೆ ಹಾಕಿಕೊಂಡು ಬಂದದ್ದು ಈ ಲೆಕ್ಕದಿಂದಲೇ. ಗ್ಲುಕೋಸ್ ಹಚ್ಚಿ ಬೆಳತನಕ ಕೂತಿದ್ದೆವು. ಹುಡುಗ ಈಗ ಪಿಯುಸಿ ಓದುತ್ತಿದ್ದಾನೆ.

ಮೇಲಿನ 20 ಮತ್ತು 70ನ್ನು ವಹಿಯ ಮೊದಲ ಪುಟದಲ್ಲಿ ಬರೆದು, ರೊಟ್ಟಿಯ ಎಣಿಕೆಯ ಜೊತೆ ನಿಮ್ಮ ಡಾಕ್ಟರಿಗೆ ತೋರಿಸಿರಿ. ಮುಖಾಮುಖಿ ನೋಡಿದವರು ಅವರು, ನಾನು ಪತ್ರವನ್ನಷ್ಟೇ ನೋಡಿದ್ದೇನೆ. ಅವರು ಒಪ್ಪಿದ ಮೇಲೆ ಒಂದು ಹೊತ್ತಿನ ಊಟದಿಂದ ಸುರು ಮಾಡಿ. ನನ್ನ ಕೇಳಿದರೆ ರಾತ್ರಿಯದು ಬೇಡ, ಎಲ್ಲರೂ ಎಚ್ಚರವಿರುವ ರವಿವಾರದ ಮಧ್ಯಾಹ್ನದ ಊಟ ಇರಲಿ.

ಪಂಚಮಿಗೆ ಉಂಡಿ ಕೊಡಿರಿ. ಬೆಲ್ಲಕ್ಕೆ ಶುಗರ್ ಏರುವುದಿಲ್ಲ ಎಂದು ನಂಬಿಕೊಂಡು ಮಾತ್ರ ಬೇಡ, ಸಕ್ಕರೆಗೂ ಬೆಲ್ಲಕ್ಕೂ ಈ ಲೆಕ್ಕದಲ್ಲಿ ಹೆಚ್ಚು ಫರಕಿಲ್ಲ. ಶೇಂಗಾ ಉಂಡಿಗೆ ಅರ್ಧ ಕಿಲೋ ಬೆಲ್ಲ, ಅಷ್ಟೇ ಶೇಂಗಾ ಹಾಕಿ 25 ಕಟ್ಟಿದರೆ ಒಂದರಲ್ಲಿ 20 ಗ್ರಾಂ ಬೆಲ್ಲ. ಶೇಂಗಾದ ಪಾಲೂ ಸೇರಿ ಒಂದು ಉಂಡಿಗೆ ಸುಮಾರು 20 ಗ್ರಾಂ ಕಾರ್ಬ್, ನಿಮ್ಮ ಮಗಳ ಲೆಕ್ಕದಲ್ಲಿ ಒಂದು ಯೂನಿಟ್. ನಡುನಡುವೆ ಕೊಡದೆ ಊಟದ ಜೊತೆಗೇ ಕೊಟ್ಟು, ಆ ಊಟದ ಡೋಸಿಗೇ ಸೇರಿಸಿ. ಶೇಂಗಾದ ಎಣ್ಣೆಯಿಂದ ಸ್ವಲ್ಪ ಶುಗರ್ ತಡವಾಗಿ ಏರಬಹುದು. ಜೋಕಾಲಿ ಜೀಕಿ, ಓಣಿಯೆಲ್ಲಾ ಓಡಾಡಿ ಬಂದ ಮೇಲೆ ಇಳಿಯಲೂಬಹುದು. ಅವತ್ತು ಸಂಜೆ ಒಂದು ಸ್ಟ್ರಿಪ್ ಹೆಚ್ಚಿಗೆ ತೆಗೆದಿಟ್ಟಿರಿ.